ಸಿದ್ದರಾಜುವಿನ ಸಮಾಧಾನ

ಸುದ್ದಗುಂಟೆಪಾಳ್ಯದ ಒಳರಸ್ತೆಯೊಂದರಲ್ಲಿ ಸಿದ್ದರಾಜುವಿನ ಶಾಮಿಯಾನದ ಅಂಗಡಿಯಿದೆ. ಮದುವೆ, ನಾಮಕರಣ, ಗೃಹಪ್ರವೇಶ, ಸಾವು, ಯಾವುದೇ ಇರಲಿ, ಕಂಬ, ಬಟ್ಟೆ, ಕುರ್ಚಿ, ಅಡುಗೆ ಪಾತ್ರೆ ಎಲ್ಲ ಅವನಲ್ಲಿ ಬಾಡಿಗೆಗೆ ಸಿಗುತ್ತವೆ. ಆಳು ದಪ್ಪ, ಬಣ್ಣ ಕಪ್ಪು, ಗಂಟಲು ದೊಡ್ಡದು. ಚಹಾ ಹೇಳಿದರೂ ಜಗಳಕ್ಕೆ ಬಂದವನಂತೆ ಕೇಳಿಸುತ್ತದೆ. ಪಾಳ್ಯದವರಿಗೆ ಅದರ ಅಭ್ಯಾಸವಿದೆ. ಅವನು ಒಬ್ಬರ ಮೇಲೂ ಕೈ ಎತ್ತಿದವನಲ್ಲ ಎಂಬುದೂ ಅವರಿಗೆ ಗೊತ್ತು. ಒಂದು ಸಲ ಬಿಟ್ಟು.

ಅವನಿಗೂ ಸುಧಾಮಣಿಗೂ ಒಬ್ಬಳೇ ಮಗಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದವಳು. ಬುದ್ಧ ಪೂರ್ಣಿಮೆಯ ದಿನ ವಿಹಾರಕ್ಕೆ ಕರೆದುಕೊಂಡು ಹೋದಾಗ ಅಲ್ಲಿನ ಭಂತೇಜಿ ಮೈತ್ರಿ ಎಂದು ಹೆಸರಿಟ್ಟರು. ಜಯನಗರದ ಕಾಲೇಜಿನಲ್ಲಿ ಬಿಕಾಂ ಓದುತ್ತಿದ್ದಳು. ಅಪ್ಪನ ಅಂಗಡಿಯ ಬೋರ್ಡಿನಲ್ಲಿ ‘ಶಾಮಿಯಾನ’ ತಪ್ಪಾಗಿ ಬರೆದಿದ್ದಾರೆ ಎಂದು ದಿನಾ ರೇಗಿಸುತ್ತಿದ್ದಳು. ಅವನು, “ಬಾಡಿಗೆ ಕೇಳೋರು ಕಾಗುಣಿತ ನೋಡ್ತಾರೇನೇ” ಅನ್ನುತ್ತಿದ್ದ.

ಕೊರೊನಾ ಹಾವಳಿ ಇಳಿದ ವರ್ಷದ ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂತು. ಜೆ.ಪಿ. ನಗರದಾಚೆ ಇರುವ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೇರಿಸಿದರು. ಭಾನುವಾರ ಬೆಳಗ್ಗೆ ಜ್ವರ ಇಳಿಯಿತು. ನರ್ಸ್ ಬಂದು, “ಇನ್ನೇನು ಹುಷಾರಾದ್ಲು ಬಿಡಿ ಅಣ್ಣ” ಎಂದಳು. ಸುಧಾಮಣಿ ಗಂಜಿ ಮಾಡಿಕೊಂಡು ಬರುತ್ತೇನೆಂದು ಮನೆಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಮೈತ್ರಿ ಹೊಟ್ಟೆ ನೋವೆಂದು ಒದ್ದಾಡತೊಡಗಿದಳು. ಸಿದ್ದರಾಜು ಅವಳ ಕೈ ಹಿಡಿದರೆ, ಕೈ ನಲ್ಲಿಯ ನೀರಿನಷ್ಟು ತಣ್ಣಗಿತ್ತು. ನರ್ಸ್‌ಗೆ ಹೇಳಿದ. ಜ್ವರ ಬಿಟ್ಟ ಮೇಲೆ ಹಾಗೇ ಇರುತ್ತದೆ ಎಂದಳು. ವಾರ್ಡಿನಲ್ಲಿ ಪ್ರಮೋದ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬನೇ ಇದ್ದ. ಅವನಿಗೂ ಹೇಳಿದ. ಪ್ರಮೋದ್ ಬಂದು ನೋಡಿದ, ಡ್ರಿಪ್ ಬದಲಾಯಿಸಿದ, ಕಿವಿಗೆ ಫೋನ್ ಇಟ್ಟುಕೊಂಡು ಹೊರಗೆ ಹೋದ, ಮತ್ತೆ ಬಂದ. ಅವನ ಮುಖ ಬೆವರುತ್ತಿತ್ತು. ಸಂಜೆ ಒಮ್ಮೆಲೇ ನಾಲ್ಕೈದು ಜನ ಓಡಿಬಂದು ಮಂಚವನ್ನೇ ತಳ್ಳಿಕೊಂಡು ಐಸಿಯು ಕಡೆಗೆ ಹೋದರು. ಸುಧಾಮಣಿ ಗಂಜಿಯ ಡಬ್ಬಿ ಹಿಡಿದು ಬಂದಾಗ ವಾರ್ಡಿನಲ್ಲಿ ಮಂಚದ ಜಾಗ ಖಾಲಿಯಿತ್ತು.

ಸ್ವಲ್ಪ ಹೊತ್ತಿಗೆ ಪ್ರಮೋದ್ ಹೊರಗೆ ಬಂದ. ಬಾಗಿಲ ಬಳಿ ನಿಂತೇ ಹೇಳಿದ.

“ಸಾರಿ. ನಮ್ಮ ಕೈಲಾದ್ದೆಲ್ಲ ಮಾಡಿದ್ವಿ.”

ಸಿದ್ದರಾಜುವಿನ ಕೈ ಅವನ ಕೆನ್ನೆಗೆ ಬಿತ್ತು. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಸೆಕ್ಯುರಿಟಿಯವರು ಬಂದು ಹಿಡಿದುಕೊಂಡರು. ಆಸ್ಪತ್ರೆಯ ಜೂನಿಯರ್ ಡಾಕ್ಟರುಗಳೆಲ್ಲ ಕೆಲಸ ನಿಲ್ಲಿಸಿ, ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಗೇಟಿನ ಮುಂದೆ ಕೂತರು. ಟೀವಿಯಲ್ಲಿ ಬಂತು. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೆಟ್ಟವನೇನಲ್ಲ. “ಡಾಕ್ಟ್ರಿಗೆ ಹೊಡೆದ್ರೆ ಬೇಲ್ ಸಿಗೋದು ಕಷ್ಟ ಕಣಯ್ಯ. ನೀನು ಒಳಗಿದ್ರೆ ಮಗಳ ಮಣ್ಣು ಯಾರು ಮಾಡ್ತಾರೆ?” ಎಂದ. ಆಸ್ಪತ್ರೆಯವರು ರಾಜಿಗೆ ಒಪ್ಪಿದರು. ಸಿದ್ದರಾಜು ಎಲ್ಲರೆದುರು ಕ್ಷಮೆ ಕೇಳಬೇಕು, ಚಿಕಿತ್ಸೆಯ ಬಗ್ಗೆ ತನ್ನದೇನೂ ತಕರಾರಿಲ್ಲ ಎನ್ನಬೇಕು. ಸಿದ್ದರಾಜು ಎರಡನ್ನೂ ಹೇಳಿದ. ಅಲ್ಲಿಂದ ನೇರ ಸ್ಮಶಾನಕ್ಕೆ ಹೋದ.

ಸುಧಾಮಣಿ ಹೊಡೆದದ್ದಕ್ಕೆ ಅವನನ್ನು ಬೈಯಲಿಲ್ಲ. ಕ್ಷಮೆ ಕೇಳಿದ್ದನ್ನು ಮಾತ್ರ ಅವಳಿಂದ ನುಂಗಲಾಗಲಿಲ್ಲ. “ನನ್ನ ಕೇಳಿದ್ಯಾ? ಅವಳ ಹೆಣ ಅಲ್ಲೇ ಗೇಟ್ ಮುಂದೆ ಇಟ್ಕೊಂಡು ಕೂರ್ತಿದ್ದೆ. ಯಾಕೆ ಸತ್ಲು ಅಂತ ಹೇಳೋವರ್ಗೂ ಎತ್ತಕ್ಕೆ ಬಿಡ್ತಿರ್ಲಿಲ್ಲ” ಎಂದಳು. ಅಂದಿನಿಂದ ಆ ಮನೆಯಲ್ಲಿ ಊಟ, ಬಟ್ಟೆ, ಬಾಡಿಗೆ ಗಾಡಿ ಇಷ್ಟರ ಮಾತು ಮಾತ್ರ ಉಳಿಯಿತು.

ಮರುವರ್ಷ ಆಸ್ಪತ್ರೆಯಿಂದ ಫೋನ್ ಬಂತು. ಮಾತಾಡಿದವನು ಡಾಕ್ಟರ್ ಶಶಿಕಾಂತ್, ಕಾಲೇಜಿನ ಪ್ರೊಫೆಸರ್. ಮರುದಿನ ಅಂಗಡಿಗೇ ಬಂದು, ಬಾಡಿಗೆ ಕುರ್ಚಿಯೊಂದರ ಮೇಲೆ ಕೂತು, ನಿಧಾನವಾಗಿ ವಿಷಯ ಹೇಳಿದ.

“ನಮ್ಮ ಹುಡುಗರಿಗೆ ಔಷಧಿ ಗೊತ್ತು ಸಿದ್ದರಾಜು. ಮನುಷ್ಯರ ಹತ್ರ ಮಾತಾಡೋದು ಗೊತ್ತಿಲ್ಲ. ಅವತ್ತು ಆ ಹುಡುಗ ಬಾಗಿಲಲ್ಲಿ ನಿಂತ್ಕೊಂಡು ಹಾಗೆ ಹೇಳ್ಬಾರದಾಗಿತ್ತು. ನಾನೀಗ ಅದನ್ನೇ ಕಲಿಸ್ತಾ ಇದೀನಿ. ಕೋಪದಲ್ಲಿರೋ ಅಟೆಂಡರ್ ಬಂದ್ರೆ ಹೇಗೆ ನಡ್ಕೊಳ್ಳೋದು, ಕೆಟ್ಟ ಸುದ್ದಿ ಹೇಗೆ ಹೇಳೋದು ಅಂತ. ನೀವು ಬಂದು ಅಟೆಂಡರ್ ಆಗಿ ಕೂತ್ರೆ ಅವ್ರಿಗೆ ಪುಸ್ತಕದಲ್ಲಿ ಸಿಗದೇ ಇರೋದು ಸಿಗತ್ತೆ.”

ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರನ್ನು ಅಟೆಂಡರ್ ಅನ್ನುತ್ತಾರೆ. ಸಿದ್ದರಾಜು, “ನಾಟಕ ಮಾಡ್ಬೇಕಾ ಸಾರ್?” ಎಂದು ಕೇಳಿದ.

“ನಾಟಕ ಅಂದ್ಕೋಬೇಡಿ. ನಿಮಗಾದದ್ದು ಇನ್ನೊಬ್ರಿಗೆ ಆಗದೇ ಇರ್ಲಿ ಅಂತ.”

ಈ ಮಾತಿಗೆ ಅವನು ಸೋತ. ಅದರ ಜೊತೆ ಬಾಯಿಬಿಟ್ಟು ಹೇಳದ ಇನ್ನೊಂದು ಆಸೆಯೂ ಇತ್ತು. ಆ ಕಟ್ಟಡದೊಳಗೆ ಹೋಗಿ ಬರುತ್ತಿದ್ದರೆ ಯಾರಾದರೊಬ್ಬರು, ಎಂದಾದರೊಂದು ದಿನ, ಆ ಭಾನುವಾರ ಏನಾಯಿತೆಂದು ಹೇಳಿಯಾರು ಎಂಬ ಆಸೆ. ಸುಧಾಮಣಿಗೆ ವರ್ತಕರ ಸಂಘದ ಮೀಟಿಂಗ್ ಎಂದು ಸುಳ್ಳು ಹೇಳಿ ಹೊರಟ.

ಮೂರನೇ ಮಹಡಿಯ ಒಂದು ಕೋಣೆ. ಒಂದು ಮಂಚ, ಅದರ ಮೇಲೆ ಹೊದಿಕೆ ಹೊದ್ದ ಪ್ಲಾಸ್ಟಿಕ್ ಗೊಂಬೆ, ಎರಡು ಕುರ್ಚಿ, ಮೂಲೆಯಲ್ಲಿ ಕ್ಯಾಮೆರಾ. ಎದುರಿಗೆ ಬಿಳಿ ಏಪ್ರನ್ನಿನ ಹುಡುಗ ಹುಡುಗಿಯರ ಸಾಲು. ಶಶಿಕಾಂತ್ ಮೇಜಿಗೆ ಒರಗಿ ನಿಂತು ಹೇಳುತ್ತಿದ್ದ.

“ನಿಂತ್ಕೊಂಡು ಮಾತಾಡ್ಬೇಡಿ, ಮೊದಲು ಕೂರಿಸಿ. ಕೂತ ಮನುಷ್ಯನ ಸಿಟ್ಟು ಅರ್ಧ ಇಳಿದಿರತ್ತೆ. ನೀರು ಕೊಡಿ. ನೀರು ಕುಡೀತಾ ಯಾರೂ ಕಿರುಚಲ್ಲ. ಹೆಸರು ಕೇಳಿ, ಹೆಸರು ಹಿಡಿದು ಕರೀರಿ. ಸಮಾಧಾನ ಮಾಡ್ಕೊಳ್ಳಿ ಅಂತ ಮಾತ್ರ ಅನ್ಬೇಡಿ, ಅದು ಉರಿಯೋ ಬೆಂಕಿಗೆ ಸೀಮೆಎಣ್ಣೆ. ಅವರು ಹೇಳೋದು ಮುಗಿಯೋವರೆಗೂ ಬಾಯಿ ಹಾಕ್ಬೇಡಿ. ಆಮೇಲೆ ಸಾರಿ ಹೇಳಿ. ಅವರ ದುಃಖಕ್ಕೆ ಸಾರಿ. ತಪ್ಪಾಯ್ತು ಅನ್ನೋ ಸಾರಿ ಬೇಡ. ತಪ್ಪು ಯಾರದು ಅನ್ನೋದನ್ನ ನೋಡಕ್ಕೆ ಬೇರೆ ಕಮಿಟಿ ಇದೆ.”

ಹುಡುಗರು ಬರೆದುಕೊಂಡರು.

ಬೇರೆ ಯಾವುದಾದರೂ ಕತೆ ಕಟ್ಟಿಕೊಳ್ಳಿ, ನಿಮ್ಮದೇ ಬೇಡ ಎಂದು ಶಶಿಕಾಂತ್ ಹೇಳಿದ್ದ. ಸಿದ್ದರಾಜು ಪ್ರಯತ್ನಪಟ್ಟ. ಅಣ್ಣನ ಅಪಘಾತ ಎಂದು ಶುರುಮಾಡಿದ, ನಾಲ್ಕು ಮಾತಿಗೆ ತಡವರಿಸಿದ. ಇಲ್ಲದ ಅಣ್ಣನಿಗಾಗಿ ಅವನ ಗಂಟಲು ಏರಲಿಲ್ಲ. ಕೊನೆಗೆ, “ನನ್ನ ಮಗಳು ಕಣ್ರೀ! ಬೆಳಗ್ಗೆ ಜ್ವರ ಬಿಟ್ಟಿತ್ತು, ಹುಷಾರಾದ್ಲು ಅಂದ್ರಲ್ರೀ!” ಎಂದು ಕೂಗಿದ. ಸಾಲಿನಲ್ಲಿದ್ದ ಮಕ್ಕಳು ಬೆಚ್ಚಿದರು. ಡಾಕ್ಟರಾಗಿ ಎದುರಿಗಿದ್ದ ಹುಡುಗನ ಕೈಯಲ್ಲಿದ್ದ ನೀರು ಚೆಲ್ಲಿತು. ಕಡೆಗೆ ಆ ಹುಡುಗ ಅವನನ್ನು ಕೂರಿಸಿ, ಬಗ್ಗಿ, “ಅಂಕಲ್, ನಿಮ್ಮ ಮಗಳ ಹೆಸರೇನು?” ಎಂದು ಕೇಳಿದ. ಈ ಆಸ್ಪತ್ರೆಯಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಸಿದ್ದರಾಜು ನಿಜವಾಗಿಯೂ ಅತ್ತ. ಮನೆಗೆ ಬರುವಾಗ ಎದೆ ಹಗುರವಾಗಿತ್ತು.

ಹಾಗೆ ಅವನು ಬ್ಯಾಚಿನಿಂದ ಬ್ಯಾಚಿಗೆ ಹೋಗುವವನಾದ. ದುಡ್ಡು ಬೇಡವೆಂದ. ಜಯನಗರದ ಕಮಲಾದೇವಿ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿಯೂ ಬರುತ್ತಿದ್ದಳು. ಅಳುವ ತಾಯಿ, ಗಾಬರಿಯಾದ ಹೆಂಡತಿ, ಪ್ರಶ್ನೆ ಕೇಳುವ ಓದಿದ ಅಕ್ಕ, ಇವೆಲ್ಲ ಅವಳ ಪಾಲು. ಕಿರುಚುವವನು, ಮೇಜು ಗುದ್ದುವವನು, ಕೊರಳಪಟ್ಟಿಗೆ ಕೈ ಹಾಕುವವನು ಸಿದ್ದರಾಜು. ಒಮ್ಮೆ ಅವನು, “ಸಾರ್, ಈ ಸಲ ನಾನು ಸುಮ್ನೆ ಕೂತ್ಕೊಂಡು ಪ್ರಶ್ನೆ ಕೇಳೋನು ಆಗ್ತೀನಿ” ಎಂದ. ಶಶಿಕಾಂತ್ ನಕ್ಕ.

“ನಿಮ್ಮನ್ನ ನೋಡಿದ್ರೆ ಯಾರು ನಂಬ್ತಾರೆ ಸಿದ್ದರಾಜು? ನಿಮ್ಮದು ಆ ಪಾತ್ರ ಅಲ್ಲ.”

ಕಮಲಾದೇವಿಯೂ ನಕ್ಕಳು. ಸಿದ್ದರಾಜು ನಕ್ಕಂತೆ ಮಾಡಿ ನೀರು ಕುಡಿದ.

ಒಳ್ಳೆಯದೇನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಕೆಳಗಿನ ಮಹಡಿಯಲ್ಲಿ ಹಳ್ಳಿಯ ಮುದುಕಿಯೊಬ್ಬಳು ಗೋಳಾಡುತ್ತಿದ್ದಳು. ಹಿಂದಿನ ಬ್ಯಾಚಿನ ಹುಡುಗಿಯೊಬ್ಬಳು ಅವಳ ಪಕ್ಕ ನೆಲದ ಮೇಲೇ ಕೂತು, ಕೈ ಹಿಡಿದುಕೊಂಡು ಮಾತಾಡಿಸುತ್ತಿದ್ದದ್ದನ್ನು ಕಂಡ. ಅವತ್ತು ಅಂಗಡಿಗೆ ಬಂದು ಕೆಲಸದವರಿಗೆಲ್ಲ ಬೋಂಡ ತರಿಸಿದ. ಏಕೆಂದು ಹೇಳಲಿಲ್ಲ.

ಆದರೆ ಅದೇ ಮಾತನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಆಡುತ್ತಾ ಹೋದರೆ ಅದು ಎಷ್ಟು ದಿನ ನಮ್ಮದಾಗಿ ಉಳಿದೀತು? ಎಲ್ಲಿ ದನಿ ಏರಿಸಬೇಕು, ಎಲ್ಲಿ ದನಿ ಒಡೆದು ಅಳಬೇಕು, ನೀರು ಬಂದಾಗ ಎಷ್ಟು ಹೊತ್ತು ಬೇಡವೆನ್ನಬೇಕು ಎಲ್ಲವೂ ರೂಢಿಯಾಯಿತು. ಹೆಸರು ಕೇಳಿದೊಡನೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ಹಾಗೆ ನೀರು ಸುರಿಯುತ್ತಿರುವಾಗಲೇ ತಾನು ಬನಶಂಕರಿಯ ಛತ್ರದಿಂದ ಇನ್ನೂ ವಾಪಸಾಗದ ಕುರ್ಚಿಗಳ ಬಗ್ಗೆ ಯೋಚಿಸುತ್ತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಅವನಿಗೆ ಹೆದರಿಕೆಯಾಯಿತು. ಬಸ್ಸಿನಲ್ಲಿ ಕೂತು ಮಗಳ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಮಂಚದ ಮೇಲಿನ ಆ ಗೊಂಬೆಯ ಮುಖ ಬಂತು.

ಸುಧಾಮಣಿಗೆ ವಿಷಯ ಗೊತ್ತಾದದ್ದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ಹಬ್ಬದ ಹಿಂದಿನ ದಿನ ಇಬ್ಬರೂ ಹೂವು ಹಣ್ಣು ಕೊಳ್ಳಲು ಹೋಗಿದ್ದರು. ಇಬ್ಬರು ಹುಡುಗರು ಎದುರಾಗಿ ಸಿದ್ದರಾಜುವಿನ ಕೈ ಕುಲುಕಿದರು. ಒಬ್ಬ ಸುಧಾಮಣಿಯ ಕಡೆ ತಿರುಗಿ ಖುಷಿಯಿಂದ ಹೇಳಿದ.

“ಆಂಟಿ, ಅಂಕಲ್ ಸಖತ್ ಆ್ಯಕ್ಟಿಂಗ್ ಮಾಡ್ತಾರೆ ಗೊತ್ತಾ? ಮಗಳು ಸತ್ತಿರೋ ಸೀನ್ ಅಂತೂ... ನಮ್ ಕ್ಲಾಸಲ್ಲಿ ಅರ್ಧ ಜನ ಅತ್ಬಿಟ್ರು.”

ಹುಡುಗರು ಹೋದರು. ಸುಧಾಮಣಿ ಸೇವಂತಿಗೆಯ ಬುಟ್ಟಿಯ ಮುಂದೆ ನಿಂತೇ ಇದ್ದಳು. ಮಾರುವವಳು, “ಎಷ್ಟ್ ಮೊಳ ಅಕ್ಕಾ?” ಎಂದು ಮತ್ತೆ ಮತ್ತೆ ಕೇಳಿದಳು.

ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು. “ಎಷ್ಟು ಸಲ ಸಾಯಿಸ್ದೆ ಅವಳನ್ನ ಅಲ್ಲಿ?”

“ಸುಧಾ, ಮಕ್ಕಳು ಕಲೀತವೆ. ನಾಳೆ ಯಾರ್ಗೋ...”

“ಏನ್ ಕಲೀತವೆ? ನಮ್ಮಂಥೋರ ಬಾಯಿ ಮುಚ್ಸೋದು ಹೆಂಗೆ ಅಂತಾನಾ?”

ಅವಳು ಆ ಹಬ್ಬಕ್ಕೆ ಒಲೆ ಹಚ್ಚಲಿಲ್ಲ. ಸಿದ್ದರಾಜು ಇನ್ನು ಹೋಗಬಾರದೆಂದುಕೊಂಡ. ಆದರೆ ಮುಂದಿನ ಬ್ಯಾಚಿಗೆ ಒಪ್ಪಿಕೊಂಡಾಗಿತ್ತು, ಇದೊಂದನ್ನು ಮುಗಿಸಿ ಬಿಡೋಣ ಎಂದು ಹೋದ.

ಆ ಬ್ಯಾಚಿನಲ್ಲಿ ದಿವ್ಯ ಎಂಬ ಹುಡುಗಿಯಿದ್ದಳು. ಇನ್ನೂ ಹೌಸ್ ಸರ್ಜನ್, ಸಣ್ಣ ಆಳು, ಏಪ್ರನ್ನಿನ ತೋಳು ಬೆರಳವರೆಗೂ ಬರುತ್ತಿತ್ತು. ಅವಳು ಅವನನ್ನು ಕೂರಿಸಿದಳು, ನೀರು ಕೊಟ್ಟಳು, ಮಗಳ ಹೆಸರು ಕೇಳಿದಳು. ಅವನು ಎಂದಿನಂತೆ ಹೇಳುತ್ತಾ ಹೋದ. ಕೈ ತಣ್ಣಗಿತ್ತು, ನರ್ಸ್‌ಗೆ ಹೇಳಿದೆ, ಡಾಕ್ಟ್ರಿಗೆ ಹೇಳಿದೆ. ದಿವ್ಯ ತಲೆಯಾಡಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

“ಅಂಕಲ್, ಜ್ವರ ಬಿಟ್ಮೇಲೆ ಕೈ ತಣ್ಣಗಾಗಿ ಹೊಟ್ಟೆನೋವು ಬಂತಾ? ಡೆಂಗ್ಯೂನಲ್ಲಿ ಅದೇ ತುಂಬಾ ಡೇಂಜರ್. ಆಗ ಬಂದು ನೋಡಿದ ಸೀನಿಯರ್ ಯಾರು?”

ಸಿದ್ದರಾಜು ನೀರಿನ ಲೋಟ ಕೆಳಗಿಟ್ಟ.

“ಸ್ಟಾಪ್” ಎಂದ ಶಶಿಕಾಂತ್. ದನಿಯಲ್ಲಿ ಸಿಟ್ಟಿರಲಿಲ್ಲ. “ದಿವ್ಯ, ನಾವಿಲ್ಲಿ ಕೇಸ್ ಡಿಸ್ಕಸ್ ಮಾಡ್ತಾ ಇಲ್ಲ. ಅಟೆಂಡರ್ ಎದುರಿಗೆ ಟ್ರೀಟ್‌ಮೆಂಟ್ ವಿಷಯ ಎತ್ತಿದ್ರೆ ಇಳಿದಿರೋ ಕೋಪ ಮತ್ತೆ ಏರತ್ತೆ. ನಾಳೆ ಕೋರ್ಟಲ್ಲಿ ನಿಮ್ಮ ಮಾತನ್ನೇ ಹಿಡ್ಕೋತಾರೆ. ಮತ್ತೆ ಮೊದಲಿಂದ.”

ದಿವ್ಯಳ ಕಿವಿ ಕೆಂಪಾದವು. ಅವಳು ಮೊದಲಿಂದ ಶುರುಮಾಡಿ, ಹೇಳಿಕೊಟ್ಟಂತೆ ಮುಗಿಸಿದಳು.

ಸಿದ್ದರಾಜುವಿಗೆ ಆ ದಿನ ಬಸ್ ಸ್ಟಾಪಿನಲ್ಲಿ ಬಸ್ಸುಗಳು ಬಂದು ಹೋಗಿದ್ದು ತಿಳಿಯಲಿಲ್ಲ. ಮಗಳು ಉಳಿಯುವಂತಿದ್ದಳೇ? ಅದನ್ನು ಬಲ್ಲವನು ಒಬ್ಬನೇ. ವಿಚಾರಿಸಿದಾಗ, ಪ್ರಮೋದ್ ಎಂಡಿ ಮುಗಿಸಿ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಕ್ಲಿನಿಕ್ ಇಟ್ಟಿದ್ದಾನೆಂದು ತಿಳಿಯಿತು.

ಅವನು ಟೋಕನ್ ತೆಗೆದುಕೊಂಡು, ಕೆಮ್ಮುವ ಮಕ್ಕಳ ನಡುವೆ ಕಾದು, ತನ್ನ ಸರದಿಗೆ ಒಳಗೆ ಹೋದ. ಪ್ರಮೋದ್ ತಲೆಯೆತ್ತಿ ನೋಡಿದವನೇ ಎದ್ದು ಕುರ್ಚಿಯ ಹಿಂದಕ್ಕೆ ಸರಿದ.

“ಹೊಡೆಯಕ್ಕೆ ಬಂದಿಲ್ಲ ಡಾಕ್ಟ್ರೇ. ಅವತ್ತಿಂದು ತಪ್ಪಾಯ್ತು. ಒಂದು ಮಾತು ಕೇಳಿ ಹೋಗ್ತೀನಿ.”

ಪ್ರಮೋದ್ ಬಾಗಿಲು ಹಾಕಿದ. ಕೇಳುವ ಮುಂಚೆಯೇ ಹೇಳತೊಡಗಿದ, ಬಹಳ ದಿನದಿಂದ ಯಾರಾದರೂ ಬರಲೆಂದು ಕಾಯುತ್ತಿದ್ದವನಂತೆ.

“ನಾನು ಸೇರಿ ಮೂರು ತಿಂಗಳಾಗಿತ್ತು ಅಷ್ಟೇ. ಅವಳು ಬಿಪಿ ಬಿದ್ದು ಶಾಕ್‌ಗೆ ಹೋಗ್ತಿದಾಳೆ ಅಂತ ಅನುಮಾನ ಬಂತು. ನಮ್ಮ ಯೂನಿಟ್ ಹೆಡ್ ಬಸವಪ್ರಸಾದ್ ಸರ್‌ಗೆ ಫೋನ್ ಮಾಡಿದೆ. ಯಾವುದೋ ಮದುವೆ ರಿಸೆಪ್ಷನ್ನಲ್ಲಿ ಇದ್ರು. ಡ್ರಿಪ್ ಹಾಕ್ತಾ ಇರಪ್ಪ, ಸಂಜೆ ಬರ್ತೀನಿ ಅಂದ್ರು. ಮತ್ತೆ ಮಾಡಿದೆ. ಎಷ್ಟು ಸಲ ಮಾಡ್ತೀಯ ಅಂತ ಬೈದ್ರು. ಆಮೇಲೆ ಎತ್ಲಿಲ್ಲ. ಅವರು ಹೇಳದೆ ಐಸಿಯುನಲ್ಲಿ ಬೆಡ್ ಕೊಡಲ್ಲ.” ಅವನು ಮೇಜಿನ ಗಾಜನ್ನು ನೋಡುತ್ತಾ ಮುಂದುವರಿಸಿದ. “ನಾನೇ ಜಗಳ ಆಡಿ ಕರ್ಕೊಂಡ್ ಹೋಗ್ಬಹುದಿತ್ತು. ಬೈಸ್ಕೋತಿದ್ದೆ ಅಷ್ಟೆ. ಹೆದರ್ಕೊಂಡೆ.”

“ಮಧ್ಯಾಹ್ನಾನೇ ಕರ್ಕೊಂಡು ಹೋಗಿದ್ರೆ ಉಳೀತಿದ್ಲಾ?”

ಹೊರಗೆ ಯಾವುದೋ ಮಗು ಅಳುತ್ತಿತ್ತು. “ಹೂಂ” ಎಂದ ಪ್ರಮೋದ್. “ಬಹುಶಃ ಉಳೀತಿದ್ಲು.”

ಸಿದ್ದರಾಜು ಮೇಜಿನ ಅಂಚು ಹಿಡಿದುಕೊಂಡ.

“ಆಮೇಲೆ ಯಾರೂ ನಿಮ್ಮನ್ನ ಕೇಳ್ಲಿಲ್ವಾ ಡಾಕ್ಟ್ರೇ?”

“ನೀವು ಹೊಡೆದ್ರಲ್ಲ” ಎಂದ ಪ್ರಮೋದ್. “ಪೇಷಂಟ್ ಸತ್ರೆ ವಾರದಲ್ಲಿ ಮೀಟಿಂಗ್ ಆಗತ್ತೆ, ಯಾಕೆ ಏನು ಅಂತ ಕೇಳ್ತಾರೆ. ನಮ್ಮದು ಆಗ್ಲಿಲ್ಲ. ಎಲ್ರೂ ನನ್ನ ಕೆನ್ನೆ ನೋಡ್ತಿದ್ರು. ಸ್ಟ್ರೈಕು, ಟೀವಿ, ಭದ್ರತೆ ಬೇಕು ಅನ್ನೋ ಮಾತು. ಬಸವಪ್ರಸಾದ್ ಸರ್ ಬಂದು ನನ್ನ ಭುಜ ತಟ್ಟಿ, ನಿನ್ನ ಜತೆ ನಾವಿದೀವಿ ಅಂದ್ರು. ಆ ಹುಡುಗಿ ವಿಷಯ ಅಲ್ಲಿಗೇ ಮುಗೀತು.”

“ಇದನ್ನ ಎಲ್ಲಾದ್ರೂ ಬಂದು ಹೇಳ್ತೀರಾ?”

ಪ್ರಮೋದ್ ಅವನ ಕಣ್ಣು ತಪ್ಪಿಸಿದ. “ಅವರು ಈಗ ಆಸ್ಪತ್ರೆಗೇ ಸೂಪರಿಂಟೆಂಡೆಂಟ್ ಅಂಕಲ್. ನಾನು ಇದೇ ಊರಲ್ಲಿ ಬದುಕ್ಬೇಕು.”

ಸಿದ್ದರಾಜು ಕೆರೆಯ ದಂಡೆಯ ಕಲ್ಲಿನ ಮೇಲೆ ಹೋಗಿ ಕೂತ. ವಾಕಿಂಗ್ ಮಾಡುವವರು ಅವನನ್ನು ಬಳಸಿಕೊಂಡು ಹೋದರು. ತಾನು ಮಗಳಿಗಾಗಿ ಎತ್ತಿದ ಕೈ, ಅವಳನ್ನು ಸಾಯಲು ಬಿಟ್ಟವನನ್ನೇ ಕಾಪಾಡಿತ್ತು.

ಕೆಲವು ವಾರಗಳ ನಂತರ ಶಶಿಕಾಂತ್ ಮತ್ತೆ ಕರೆದ. ಬೇರೆ ಕಾಲೇಜುಗಳಿಂದಲೂ ಜನ ಬರುವ ದೊಡ್ಡ ಕಾರ್ಯಾಗಾರ, ಆಡಿಟೋರಿಯಂನಲ್ಲಿ ಪ್ರಾತ್ಯಕ್ಷಿಕೆ. ಉದ್ಘಾಟನೆಗೆ ಡಾಕ್ಟರ್ ಬಸವಪ್ರಸಾದ್ ಬರುತ್ತಾರೆ ಎಂದ. ಸಿದ್ದರಾಜು, “ಬರ್ತೀನಿ ಸಾರ್” ಎಂದ.

ಬಸವಪ್ರಸಾದ್ ಮುಂದಿನ ಸಾಲಿನಲ್ಲಿ, ಕೊರಳಲ್ಲಿ ಗಂಧದ ಹಾರ ತೆಗೆಯದೆ ಕೂತಿದ್ದ. ನರೆಗೂದಲಿನ, ಶಾಂತ ಮುಖದ ಮನುಷ್ಯ. ವೇದಿಕೆಯ ಮೇಲೆ ಸಿದ್ದರಾಜುವಿನ ಎದುರು ಡಾಕ್ಟರಾಗಿ ನಿಂತವಳು ದಿವ್ಯ. ಆ ಬ್ಯಾಚಿನಲ್ಲಿ ಅತ್ಯುತ್ತಮ ಎಂದು ಅವಳನ್ನೇ ಆರಿಸಿದ್ದರು.

ಸಿದ್ದರಾಜು ಅವಳ ಕಡೆ ನೋಡಲಿಲ್ಲ. ನೇರವಾಗಿ ವೇದಿಕೆಯ ಅಂಚಿಗೆ ಬಂದ.

“ಬಸವಪ್ರಸಾದ್ ಸಾರ್! ಭಾನುವಾರ ಮಧ್ಯಾಹ್ನ ನಿಮಗೆ ಫೋನ್ ಬಂತಾ ಇಲ್ವಾ? ನನ್ನ ಮಗಳು ಮೈತ್ರಿ ಒದ್ದಾಡ್ತಿದ್ಲು. ಆ ಹುಡುಗ ನಿಮ್ಮನ್ನ ಬೇಡ್ಕೊಂಡ. ನೀವು ಯಾರ್ದೋ ರಿಸೆಪ್ಷನ್ನಲ್ಲಿ ಕೂತಿದ್ರಿ. ಯಾಕ್ ಸಾರ್ ಬರ್ಲಿಲ್ಲ? ಹೇಳಿ ಸಾರ್, ಯಾಕ್ ಬರ್ಲಿಲ್ಲ?”

ಬಸವಪ್ರಸಾದನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಶಶಿಕಾಂತ್ ಅರ್ಧ ಎದ್ದ. ಅಷ್ಟರಲ್ಲಿ ದಿವ್ಯ ಹತ್ತಿರ ಬಂದಿದ್ದಳು.

“ಸಿದ್ದರಾಜು ಅಂಕಲ್” ಎಂದಳು ಮೆಲ್ಲಗೆ. “ಬನ್ನಿ, ಕೂತ್ಕೊಂಡು ಮಾತಾಡೋಣ.”

“ಕೂರಲ್ಲ! ಅವರು ಹೇಳ್ಲಿ!”

“ನೀವು ಹೇಳೋದನ್ನ ಪೂರ್ತಿ ಕೇಳ್ತೀನಿ. ಎಲ್ಲಿಗೂ ಹೋಗಲ್ಲ.” ಅವಳ ಕೈ ಅವನ ಭುಜದ ಮೇಲಿತ್ತು. “ಮೈತ್ರಿ ಬಗ್ಗೆ ಹೇಳಿ. ಏನು ಓದ್ತಿದ್ಲು?”

ಅವನು ಕುರ್ಚಿಯಲ್ಲಿ ಕೂತ. ಇನ್ನೂ ಕೂಗಬೇಕು ಎಂದು ಮನಸ್ಸು ಹೇಳುತ್ತಿತ್ತು. ಆದರೆ ಇಷ್ಟು ವರ್ಷ ಇದೇ ಗಳಿಗೆಗೆ ಇಳಿದು ಇಳಿದು ಪಳಗಿದ ದನಿ ತಾನಾಗಿ ಇಳಿಯಿತು. ಅವಳು ನೀರು ಕೊಟ್ಟಳು. ಬೇಡವೆಂದ. ಮತ್ತೆ ಕೊಟ್ಟಳು. ಕುಡಿದ. “ಬಿಕಾಂ” ಎಂದ. ಕಣ್ಣಲ್ಲಿ ನೀರು ಬಂತು. ದಿವ್ಯ ಅವನ ಮುಂದೆ ಮೊಣಕಾಲೂರಿ, “ನಿಮಗಾಗಿರೋ ನೋವಿಗೆ ತುಂಬಾ ಸಾರಿ ಅಂಕಲ್” ಎಂದಳು. ಅವಳ ಕಣ್ಣು ಒಂದು ಕ್ಷಣ ಅವನ ಕಣ್ಣಲ್ಲಿ ನಿಂತಿತು. ಅವಳಿಗೆ ಎಲ್ಲವೂ ಗೊತ್ತಾಗಿತ್ತು. ಅವಳು ಮುಂದೇನೂ ಕೇಳಲಿಲ್ಲ.

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಬಸವಪ್ರಸಾದ್ ವೇದಿಕೆಗೆ ಬಂದು ದಿವ್ಯಳಿಗೆ ಸ್ಮರಣಿಕೆ ಕೊಟ್ಟ, ಸಿದ್ದರಾಜುವಿನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

“ಎಷ್ಟು ನ್ಯಾಚುರಲ್ ಆಗಿ ಮಾಡಿದ್ರಿ! ನನ್ನ ಹೆಸರು ಸೇರಿಸ್ಕೊಂಡದ್ದಂತೂ ಯಾರೂ ನಿರೀಕ್ಷೆ ಮಾಡಿರ್ಲಿಲ್ಲ.”

ಫೋಟೊಗಳಿಗೆ ಎಲ್ಲರೂ ನಗುತ್ತಾ ನಿಂತರು. ಸಿದ್ದರಾಜುವನ್ನು ನಡುವೆ ನಿಲ್ಲಿಸಿಕೊಂಡರು.

ಮನೆಗೆ ಬಂದು ಅವನು ಸುಧಾಮಣಿಗೆ ಎಲ್ಲವನ್ನೂ ಹೇಳಿದ. ಪ್ರಮೋದ್ ಹೇಳಿದ್ದನ್ನು, ಚಪ್ಪಾಳೆಯನ್ನು, ನೀರು ಕುಡಿದದ್ದನ್ನು. ಅವಳು ಗೋಡೆಗೆ ಒರಗಿ, ಬಾಬಾಸಾಹೇಬರ ಪಟದ ಕೆಳಗೆ ಕೂತು ಕೇಳಿದಳು. “ಉಳೀತಿದ್ಲಂತಾ?” ಎಂದು ಒಮ್ಮೆ ಕೇಳಿದಳು. “ಹೂಂ” ಎಂದ. ಬೆಳಗ್ಗೆ ಎದ್ದು, ಸೀರೆ ಉಟ್ಟು, ಒಬ್ಬಳೇ ಆಸ್ಪತ್ರೆಗೆ ಹೋದಳು.

ಮಧ್ಯಾಹ್ನಕ್ಕೆ ಬಂದಳು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಅವನ ಎದುರಿಗೆ ನಿಂತಳು.

“ಕುರ್ಚಿ ಕೊಟ್ರು. ನೀರು ಕೊಟ್ರು. ಇಷ್ಟೇ ಇಷ್ಟು ಹುಡುಗ, ನನ್ ಕೈ ಹಿಡ್ಕೊಂಡ. ಅಮ್ಮಾ ಅಂದ. ಮಗಳ ಹೆಸರು ಕೇಳ್ದ. ನಾನು ಬೈಯೋಣ ಅಂತ ಹೋದೋಳು, ಕೂತ್ಕೊಂಡು ಅತ್ತು ಬಂದೆ. ಕೇಳ್ಬೇಕಾದ್ದು ಕೇಳ್ಲೇ ಇಲ್ಲ. ಗೇಟ್ ಹೊರಗ್ ಬಂದ್ಮೇಲೆ ಗೊತ್ತಾಯ್ತು.” ಅವಳ ದನಿ ಏರಲಿಲ್ಲ. “ಚೆನ್ನಾಗ್ ಕಲ್ಸಿದೀಯ.”

ಆಮೇಲೆ ಅವರು ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಟ್ಟರು. ವಿಚಾರಣೆಗೆ ಪ್ರಮೋದ್ ಬಂದ, ಫೋನ್ ಮಾಡಿದ್ದು ನೆನಪಿಲ್ಲ ಎಂದ. ಚಿಕಿತ್ಸೆಯ ಬಗ್ಗೆ ತಕರಾರಿಲ್ಲವೆಂದು ತಂದೆಯೇ ಹೇಳಿದ್ದಾರಲ್ಲ ಎಂದು ಎದುರಿನ ವಕೀಲ ನೆನಪಿಸಿದ. ದೂರು ಬಿದ್ದುಹೋಯಿತು. ಬಸವಪ್ರಸಾದ್ ನಿವೃತ್ತನಾದಾಗ ಪತ್ರಿಕೆಯಲ್ಲಿ ಫೋಟೊ ಬಂತು. ಮೂರನೇ ಮಹಡಿಯ ಕೋಣೆಗೆ ಈಗ ನಾಟಕ ತಂಡವೊಂದರ ನಟ ಬರುತ್ತಾನಂತೆ.

ಸಿದ್ದರಾಜು ಅಂಗಡಿ ನಡೆಸುತ್ತಾನೆ. ಬ್ಯಾಂಕಿನಲ್ಲಾಗಲಿ ವಾರ್ಡ್ ಆಫೀಸಿನಲ್ಲಾಗಲಿ ಯಾರಾದರೂ ಮೃದುವಾಗಿ, ಹೆಸರು ಹಿಡಿದು ಮಾತಾಡಿಸಿದರೆ ಕೆಲಸ ಬಿಟ್ಟು ಎದ್ದು ಬಂದುಬಿಡುತ್ತಾನೆ. ಸಾವಿನ ಮನೆಗೆ ಹೋದರೆ ಕಂಬ ನಿಲ್ಲಿಸಿ, ಬಟ್ಟೆ ಬಿಗಿದು, ಕುರ್ಚಿ ಇಳಿಸಿ, ಮನೆಯವರ ಮುಖ ನೋಡದೆ ಹಿಂದಿರುಗುತ್ತಾನೆ. ಒಂದು ಸಮಾಧಾನದ ಮಾತನ್ನೂ ಆಡುವುದಿಲ್ಲ. ಅವನಿಗೆ ದುರಹಂಕಾರ ಬಂದಿದೆ ಎಂದು ಪಾಳ್ಯದವರು ಆಡಿಕೊಳ್ಳುತ್ತಾರೆ.